ಮ್ಯೂಸಿಕ್ ವಿಡಿಯೋಗೆ ಯಾವ ಥಿಯರಿ ಹಿಡಿಯೋದು?

ಪ್ರಶ್ನೆ: ಮುಂದಿನ ವಾರ ಮೀಡಿಯಾ ಸ್ಟಡೀಸ್ ಪರೀಕ್ಷೆ. ಹಾಲ್, ಮಲ್ವಿ, ಗುಡ್‌ವಿನ್, ಈ ಮೂವರು ಥಿಯರಿ ಬರೆದವರೂ ತಲೆಯಲ್ಲಿ ಕಲಸಿಹೋಗಿದ್ದಾರೆ. ಒಂದೇ ವಿಡಿಯೋಗೆ ಮೂವರನ್ನೂ ತರಬಹುದಾ?

ಉತ್ತರ 1: ತರಬಹುದು, ಆದರೆ ಒಬ್ಬೊಬ್ಬರು ಕೇಳುವ ಪ್ರಶ್ನೆಯೇ ಬೇರೆ. ಗುಡ್‌ವಿನ್‌ಗೆ ಹಾಡಿಗೂ ಚಿತ್ರಕ್ಕೂ ಏನು ನಂಟು ಅನ್ನೋದು ಮುಖ್ಯ. ಹಾಡಿನಲ್ಲಿ ಮಳೆ ಅಂದಾಗ ತೆರೆ ಮೇಲೂ ಮಳೆ ಸುರಿದರೆ ಇಲಸ್ಟ್ರೇಶನ್, ಆ ಮಳೆಗೆ ಹೊಸ ಅರ್ಥ ಸೇರಿದರೆ ಆಂಪ್ಲಿಫಿಕೇಶನ್, ಸಂಬಂಧವೇ ಇಲ್ಲದ ಮರುಭೂಮಿ ಕಂಡರೆ ಡಿಸ್‌ಜಂಕ್ಚರ್. ಮಲ್ವಿ 1975ರಲ್ಲಿ ಬರೆದದ್ದು ಹಾಲಿವುಡ್ ಸಿನಿಮಾ ಬಗ್ಗೆ, ಇದನ್ನು ಮರೆಯಬೇಡಿ. ಅದನ್ನು ಮ್ಯೂಸಿಕ್ ವಿಡಿಯೋಗೆ ತಂದರೆ ಹೀಗೆ: ಹಾಡುವವನ ಮುಖ ಕಾಣುತ್ತದೆ, ಕುಣಿಯುವವಳದು ಬರೀ ಸೊಂಟ, ಕಾಲು. ಮಲ್ವಿ ಹೇಳಿದ ಮೇಲ್ ಗೇಜ್, ಅಂದರೆ ಹೆಣ್ಣನ್ನು ಗಂಡಿನ ಕಣ್ಣಿಗೆ ಬರೀ ನೋಡುವ ವಸ್ತುವಾಗಿ ತೋರಿಸೋದು, ಅದೇ.

ಉತ್ತರ 2: ಅದೇ ಶಾಟನ್ನು ಒಬ್ಬರು ಒಪ್ಪಿ ನೋಡುತ್ತಾರೆ, ಇನ್ನೊಬ್ಬರು ಹಾಡು ಚೆನ್ನಾಗಿದೆ ಆದರೆ ಇದು ಬೇಕಿತ್ತಾ ಅನ್ನುತ್ತಾರೆ, ಮತ್ತೊಬ್ಬರು ಪೂರ್ತಿ ತಳ್ಳಿಹಾಕುತ್ತಾರೆ. ನೋಡುವವರ ಬಗ್ಗೆ ಹಾಲ್ ಹೇಳಿದ ಡಾಮಿನೆಂಟ್, ನೆಗೋಶಿಯೇಟೆಡ್, ಅಪೊಸಿಷನಲ್ ಅನ್ನೋ ಮೂರು ಬಗೆ ಕ್ರಮವಾಗಿ ಇವೇ. ‘ಒಬ್ಬೊಬ್ಬರು ಒಂದೊಂದು ಥರ ನೋಡುತ್ತಾರೆ’ ಅಂತ ಸುಮ್ನೆ ಬರೆದರೆ ಮಾರ್ಕ್ಸ್ ಹೋಗುತ್ತದೆ, ನನಗೆ ಹೋಗಿದ್ದೇ ಹಾಗೆ!

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್. ಗಾಯಕಿ ತಾನೇ ನಿರ್ದೇಶಿಸಿ ಕುಣಿದರೆ ಮಲ್ವಿ ಥಿಯರಿ ನಿಲ್ಲುತ್ತದಾ?

ಉತ್ತರ 1: ಅಲ್ಲೇ ಇರೋದು ಮಜಾ. ಕ್ಯಾಮೆರಾ ಎಲ್ಲಿ ನಿಲ್ಲುತ್ತದೆ ನೋಡಿ, ಅವಳ ಕಣ್ಣಿನ ಮೇಲಾ, ಮೈ ಮೇಲಾ? ಅದನ್ನೇ ಬರೆಯಿರಿ.