ಹಳೇ ಮಾರುತಿ 800: ಟೆಂಪರೇಚರ್ ಮುಳ್ಳನ್ನ ಎಷ್ಟು ನಂಬಬಹುದು?

ಪ್ರಶ್ನೆ: ನಮ್ಮದು ಕಾರ್ಬೊರೇಟರ್ ಕಾಲದ ಮಾರುತಿ 800, ಓಡಾಟ ಬೆಂಗಳೂರಲ್ಲೇ. ಈಚೆಗೆ ಮುಳ್ಳು ಮುಕ್ಕಾಲಿಗೆ ಹೋಗಿ ನಿಲ್ಲುತ್ತೆ. ಕೂಲೆಂಟ್ ಕಮ್ಮಿಯಾಗಿಲ್ಲ, ಹಬೆಯೂ ಇಲ್ಲ. ಗ್ಯಾರೇಜಿನವರು ರೇಡಿಯೇಟರ್ ಬದಲಿಸಿ ಅಂತಾರೆ. ಮೀಟರೇ ತಪ್ಪು ತೋರಿಸ್ತಿದೆಯಾ ಅಂತ ಮನೇಲಿ ನೋಡೋದು ಹೇಗೆ?

ಉತ್ತರ: ಸರ್, ರೇಡಿಯೇಟರ್‌ಗೆ ದುಡ್ಡು ಸುರಿಯೋ ಮೊದಲು ಸೆಂಡರ್ (ಎಂಜಿನ್ನಿನ ಬಿಸಿ ಗ್ರಹಿಸಿ ಮೀಟರಿಗೆ ತಿಳಿಸೋ ಸೆನ್ಸರ್) ನೋಡಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ಸೆಂಡರಿನ ಒಂಟಿ ವೈರ್ ಬಿಚ್ಚಿ ಕೀ ಆನ್ ಮಾಡಿ. ಮುಳ್ಳು ತಳದಲ್ಲೇ ಇರಬೇಕು. ಏರಿದರೆ ವೈರ್ ಎಲ್ಲೋ ಕಾರಿನ ಲೋಹದ ಮೈಗೆ ತಾಗ್ತಿದೆ. ಆಮೇಲೆ ಆ ವೈರನ್ನ ಸಣ್ಣ 12 ವೋಲ್ಟ್ ಬಲ್ಬ್ ಮೂಲಕ ಅರ್ತಿಗೆ (ಎಂಜಿನ್ನಿನ ಬರೀ ಲೋಹಕ್ಕೆ) ಮುಟ್ಟಿಸಿ, ಮುಳ್ಳು ಮೇಲೇಳಬೇಕು. ನೇರವಾಗಿ ಅರ್ತ್ ಮಾಡಿ ಹಿಡ್ಕೊಂಡ್ರೆ ಮೀಟರ್ ಸುಟ್ಟುಹೋಗಬಹುದು.

ಇಷ್ಟರಿಂದ ಮೀಟರ್ ಜೀವಂತ ಇದೆ ಅಂತ ಮಾತ್ರ ಗೊತ್ತಾಗುತ್ತೆ. ಲೆಕ್ಕ ಸರಿಯಿದೆಯಾ ಅಂತ ತಿಳಿಯೋಕೆ ಸೆಂಡರ್ ಕಳಚಿ, ಪಿನ್ನಿಗೆ ಕಾರಿನ ವೈರ್, ಲೋಹದ ಮೈಗೆ ಅರ್ತ್ ವೈರ್ ಕೊಟ್ಟು, ಲೋಟದ ಬಿಸಿನೀರಲ್ಲಿ ತುದಿ ಮಾತ್ರ ಅದ್ದಿ. ಪಕ್ಕದಲ್ಲಿ ಅಡುಗೆ ಥರ್ಮಾಮೀಟರ್ ಇರಲಿ. ಅದನ್ನೂ ಮೊದಲು ಕುದಿಯೋ ನೀರಲ್ಲಿ ಪರೀಕ್ಷಿಸಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯೋದು 97 ಡಿಗ್ರಿ ಆಸುಪಾಸಲ್ಲಿ. 100 ತೋರಿಸಿದರೆ ಥರ್ಮಾಮೀಟರೇ ತಪ್ಪು. ನೀರು ಆರ್ತಾ ಬಂದಂತೆ 90, 80, 70ರಲ್ಲಿ ಮುಳ್ಳಿನ ಫೋಟೊ ತೆಗೆದಿಟ್ಕೊಳ್ಳಿ. 85–90ಕ್ಕೇ ಮುಕ್ಕಾಲು ತೋರಿಸಿದರೆ ರೇಡಿಯೇಟರ್ ತಪ್ಪೇನಿಲ್ಲ. ಅದೇ 85–90ರಲ್ಲಿ ಮುಳ್ಳು ನಡುಮಧ್ಯ ನಿಂತರೆ ರಸ್ತೆಯಲ್ಲಿ ಕಾಣ್ತಿರೋ ಬಿಸಿ ನಿಜ, ಗಾಡಿ ಓಡಿಸಬೇಡಿ.

ಇನ್ನೊಬ್ಬರು: ಪೆಟ್ರೋಲ್ ಮುಳ್ಳೂ ಜೊತೆಗೇ ಮೇಲೆ ತೋರಿಸ್ತಿದೆಯಾ? ಹಾಗಿದ್ರೆ ಸೆಂಡರ್ ಬಿಚ್ಚಲೇಬೇಡಿ. ಹಳೇ ಕಾರುಗಳಲ್ಲಿ ಎರಡೂ ಮೀಟರಿಗೆ ಒಂದೇ ವೋಲ್ಟೇಜ್ ರೆಗ್ಯುಲೇಟರ್ ಇರೋದುಂಟು. ಮೊದಲು ಅದನ್ನ, ಕ್ಲಸ್ಟರಿನ (ಮೀಟರುಗಳೆಲ್ಲ ಇರೋ ಪ್ಯಾನೆಲ್ಲಿನ) ಅರ್ತನ್ನ ನೋಡಿಸಿ.

ಮತ್ತೊಬ್ಬರು: ಸೆಂಡರ್ ವಾಪಸ್ ಹಾಕುವಾಗ ಟೆಫ್ಲಾನ್ ಟೇಪ್ ಸುತ್ತಬೇಡಿ. ಒಂಟಿ ವೈರಿನ ಸೆಂಡರಿಗೆ ಥ್ರೆಡ್ಡಿನಿಂದಲೇ ಅರ್ತ್ ಸಿಗಬೇಕು, ತಪ್ಪಿದರೆ ಎಂಜಿನ್ ಕಾದಿದ್ರೂ ಮುಳ್ಳು ಕೆಳಗೇ ಇರುತ್ತೆ. ವೈರಿನ ಮಧ್ಯೆ ರೆಸಿಸ್ಟರ್ (ಕರೆಂಟ್ ತಗ್ಗಿಸೋ ಬಿಡಿಭಾಗ) ಹಾಕಿ ಮುಳ್ಳು ಇಳಿಸಿಕೊಡ್ತೀವಿ ಅಂತ ಯಾರಾದ್ರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಬಿಸಿ ಏರಿದಷ್ಟೂ ಸೆಂಡರಿನ ರೆಸಿಸ್ಟೆನ್ಸ್ ಇಳಿಯುತ್ತೆ. ಹಾಗಾಗಿ ಸೇರಿಸಿದ ರೆಸಿಸ್ಟರ್ ಅತಿ ಹೆಚ್ಚು ತಪ್ಪು ತೋರಿಸೋದು ಎಂಜಿನ್ ಕಾದು ಕೆಂಡವಾದಾಗಲೇ. ಹೊಸ ಸೆಂಡರ್ ಹಾಕಿಸಿ, ಅದನ್ನೂ ಲೋಟದ ನೀರಲ್ಲಿ ನೋಡಿಯೇ ಕೂರಿಸಿ.