ಹ್ಯಾಂಗರ್ ಗೆಳೆಯರ ಪರವಾಗಿ, ನಿಮ್ಮ ತಂದೆಯವರ ಚಿತ್ರಗಳ ಕುರಿತು

ಎಲ್ಲರಿಗೂ ನಮಸ್ಕಾರ. ಮಗಳೇ, ನಿನ್ನೆ ನೀನು ಈ ಗುಂಪಿನಲ್ಲಿ ಹಾಕಿದ ಸಂದೇಶವನ್ನು ಎರಡೆರಡು ಸಲ ಕೇಳಿದೆ. ನಿಮ್ಮ ತಂದೆಯವರ ವಿಮಾನ ಚಿತ್ರಗಳ ಪ್ರದರ್ಶನಕ್ಕೆ ಒಂದು ಪುಸ್ತಿಕೆ ಸಿದ್ಧವಾಗುತ್ತಿದೆ, ಏರೋಡ್ರೋಮಿನ ಗೆಳೆಯರು ಅವರ ಬಗ್ಗೆ ನಾಲ್ಕು ಮಾತು ಹೇಳಬೇಕು ಎಂದು ಕೇಳಿದ್ದೀಯ. ಅದರ ಜೊತೆಗೆ, ಅವರು ಅರ್ಧಕ್ಕೆ ಬಿಟ್ಟುಹೋದ ಹಳದಿ ವಿಮಾನದ ಚಿತ್ರವನ್ನು ಬೇರೊಬ್ಬ ಕಲಾವಿದರ ಕೈಯಲ್ಲಿ ಪೂರ್ತಿ ಮಾಡಿಸಬಹುದೇ, ಹಳೆಯ ಸ್ಕೆಚ್ ಪುಸ್ತಕಗಳ ಪೆಟ್ಟಿಗೆಗಳನ್ನು ಇಟ್ಟುಕೊಳ್ಳಬೇಕೇ ಎಂದೂ ಕೇಳಿದ್ದೀಯ. ಇಷ್ಟನ್ನೆಲ್ಲ ಫೋನಿನಲ್ಲಿ ಬೆರಳಾಡಿಸಿ ಬರೆಯುವ ತಾಳ್ಮೆ ನನಗಿಲ್ಲದ ಕಾರಣ ಮಾತಿನಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಬಿಡುವಾದಾಗ ಕೇಳು.

ಮೊದಲು ಪೆಟ್ಟಿಗೆಗಳ ವಿಷಯ. ಅದರಲ್ಲಿನ ಒಂದೇ ಒಂದು ಹಾಳೆಯನ್ನೂ ಎಸೆಯಬೇಡ. ಚೌಕಟ್ಟು ಹಾಕಿಸಿದ ದೊಡ್ಡ ಚಿತ್ರಗಳನ್ನು ಯಾರಾದರೂ ಮೆಚ್ಚಿ ಕಾಪಾಡಿಕೊಳ್ಳುತ್ತಾರೆ. ಆ ಚಿತ್ರಗಳು ಹೇಗೆ ಹುಟ್ಟಿದವು ಎಂಬುದಕ್ಕೆ ಇರುವ ದಾಖಲೆ ಮಾತ್ರ ಆ ಮಾಸಿದ ಪುಸ್ತಕಗಳೇ. ನಿಮ್ಮ ತಂದೆಯವರು ಸ್ವತಃ ವಿಮಾನ ಹಾರಿಸಿದವರಲ್ಲ, ಎಂಜಿನಿಯರಿಂಗ್ ಓದಿದವರೂ ಅಲ್ಲ. ಹಾಗಿದ್ದೂ ಅವರ ಚಿತ್ರದ ಮುಂದೆ ನಿಂತ ಪೈಲಟ್‌ಗಳು ತಪ್ಪು ಹುಡುಕಲು ಹೋಗಿ ಸುಮ್ಮನಾಗುತ್ತಿದ್ದರೆಂದರೆ, ಅದಕ್ಕೆ ಕಾರಣ ಅವರು ನಮ್ಮ ಹ್ಯಾಂಗರಿನಲ್ಲಿ, ಅಂದರೆ ವಿಮಾನಗಳನ್ನು ನಿಲ್ಲಿಸಿ ರಿಪೇರಿ ಮಾಡುವ ದೊಡ್ಡ ಕೊಟ್ಟಿಗೆಯಲ್ಲಿ, ಎಲ್ಲರನ್ನೂ ಕೇಳಿ, ಕೇಳಿದ್ದನ್ನು ಅಲ್ಲೇ ನಿಂತು ಗೀಚಿಕೊಳ್ಳುತ್ತಿದ್ದ ಅಭ್ಯಾಸ. ಮೆಕ್ಯಾನಿಕ್‌ರಿಂದ ಒಂದು, ತರಬೇತಿ ಕೊಡುವ ಪೈಲಟ್‌ರಿಂದ ಒಂದು, ಇಂಧನ ತುಂಬುವ ಹುಡುಗನಿಂದ ಇನ್ನೊಂದು ಎಂದು ಆ ವಿದ್ಯೆಯನ್ನೆಲ್ಲ ಅವರು ಹನಿಹನಿಯಾಗಿ ಕೂಡಿಸಿಕೊಂಡರು. ಹಾಗಾಗಿ ಆ ಪುಸ್ತಕಗಳಲ್ಲಿ ಅವರ ಕೈಬರಹ ಇರುವಷ್ಟೇ ನಮ್ಮೆಲ್ಲರ ಮಾತೂ ಇದೆ.

ಒಂದು ಪ್ರಸಂಗವನ್ನು ಹೇಳಿದರೆ ನಿನಗೆ ಸ್ಪಷ್ಟವಾಗುತ್ತದೆ. ಸೆಸ್ನಾ 172 ಆಗತಾನೇ ನೆಲ ಬಿಟ್ಟು ಮೇಲೇರುತ್ತಿರುವ ಚಿತ್ರವೊಂದನ್ನು ಅವರು ಒಂದು ಸಂಜೆ ಹ್ಯಾಂಗರಿಗೆ ತಂದು, ಕೆಲಸದ ಮೇಜಿಗೆ ಒರಗಿಸಿ ನಿಲ್ಲಿಸಿದರು. 1955ರಲ್ಲಿ ಮೊದಲು ಹಾರಿದ, ಈವರೆಗೆ 44,000ಕ್ಕೂ ಹೆಚ್ಚು ತಯಾರಾದ ವಿಮಾನ ಅದು. ದಿನಬೆಳಗಾದರೆ ನೋಡುವ ವಿಮಾನವಾದ್ದರಿಂದ ನಮ್ಮಲ್ಲಿ ಯಾರಿಗೂ ಅದರಲ್ಲಿ ದೋಷ ಕಾಣಲಿಲ್ಲ. ನಮ್ಮ ಹಿರಿಯ ಮೆಕ್ಯಾನಿಕ್ ಮಾತ್ರ ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ಬಂದು, ಚಕ್ರಗಳ ಕಡೆ ಬೊಟ್ಟು ಮಾಡಿ, "ಇದು ಇನ್ನೂ ನೆಲದ ಮೇಲೇ ಇದೆಯಲ್ಲ ಸ್ವಾಮಿ" ಎಂದರು. ಆ ವಿಮಾನದ ಹಿಂದಿನ ಎರಡು ಕಾಲುಗಳು ಸ್ಪ್ರಿಂಗಿನಂತೆ ಬಾಗುವ ಲೋಹದವು. ನಿಂತಾಗ ಭಾರಕ್ಕೆ ಅವು ಹೊರಗೆ ಚಾಚಿಕೊಳ್ಳುತ್ತವೆ, ಭಾರ ತಪ್ಪಿದೊಡನೆ ಕೆಳಕ್ಕೂ ಒಳಕ್ಕೂ ಬರುತ್ತವೆ. ಮೂಗಿನ ಚಕ್ರದ ಕಂಬವೂ ಗಾಳಿಯಲ್ಲಿ ಉದ್ದವಾಗಿ ಜೋತುಬೀಳುತ್ತದೆ. ನಿಮ್ಮ ತಂದೆಯವರು ನಿಂತ ವಿಮಾನದ ಅಳತೆ ತೆಗೆದುಕೊಂಡು, ಅದನ್ನೇ ಆಕಾಶದಲ್ಲಿ ಇಟ್ಟಿದ್ದರು. ಅವರು ಬೇಸರಪಡಲಿಲ್ಲ. ಪುಸ್ತಕ ತೆಗೆದು ನಿಂತಾಗಿನ ಕಾಲನ್ನೂ ಹಾರುವಾಗಿನ ಕಾಲನ್ನೂ ಪಕ್ಕಪಕ್ಕದಲ್ಲಿ ಬರೆದುಕೊಂಡು, ಕೆಳಗೆ ಮೆಕ್ಯಾನಿಕ್‌ರ ಹೆಸರನ್ನೂ ಬರೆದು, ಮೂರೂ ಚಕ್ರಗಳ ಬಣ್ಣವನ್ನು ಅಲ್ಲೇ ಚಾಕುವಿನಿಂದ ಕೆರೆದು ತೆಗೆದರು. ಆ ಪುಟ ಪೆಟ್ಟಿಗೆಯಲ್ಲಿ ಇರಲೇಬೇಕು, ಹುಡುಕು.

ಗಾಳಿ, ಬಿಸಿಲುಗಳ ವಿಷಯದಲ್ಲೂ ಅವರದು ಇದೇ ಪಟ್ಟು. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿಯೇ. ಆದ್ದರಿಂದ ಚಿತ್ರದ ಮೂಲೆಯಲ್ಲಿ ಕಾಣುವ, ಗಾಳಿಯ ದಿಕ್ಕು ತೋರುವ ಬಟ್ಟೆ ಚೀಲವಾದ ವಿಂಡ್‌ಸಾಕ್ ವಿಮಾನದ ದಿಕ್ಕಿಗೆ ಹೊಂದಲೇಬೇಕು ಎನ್ನುತ್ತಿದ್ದರು. ರನ್‌ವೇ ಮೇಲೆ ಬರೆದಿರುವ ಅಂಕಿ ದಿಕ್ಸೂಚಿಯ ಡಿಗ್ರಿಯನ್ನು ಸೂಚಿಸುತ್ತದೆ, ಕೊನೆಯ ಸೊನ್ನೆಯನ್ನು ಬಿಟ್ಟಿರುತ್ತಾರೆ ಎಂಬುದನ್ನು ಕಂಟ್ರೋಲ್ ಟವರಿನವರಿಂದ ತಿಳಿದುಕೊಂಡ ಮೇಲಂತೂ, 27, ಅಂದರೆ 270 ಡಿಗ್ರಿ, ಎಂದು ಬರೆದ ರನ್‌ವೇ ಮೇಲೆ ಇಳಿಯುವ ವಿಮಾನ ಪಶ್ಚಿಮಕ್ಕೆ ಮುಖ ಮಾಡಿರುತ್ತದೆ, ಬೆಳಗಿನ ಚಿತ್ರವಾದರೆ ಬಿಸಿಲು ಅದರ ಬಾಲದ ಕಡೆಯಿಂದ ಬೀಳಬೇಕು ಎಂದು ಲೆಕ್ಕ ಹಾಕದೆ ಅವರು ಕುಂಚವನ್ನೇ ಮುಟ್ಟುತ್ತಿರಲಿಲ್ಲ. ಇಷ್ಟು ನಿಖರತೆ ಯಾರಿಗೆ ಬೇಕು ಎಂದು ನಾನೇ ಎಷ್ಟೋ ಸಲ ಛೇಡಿಸಿದ್ದೇನೆ. "ಹಾರಿಸುವವರಿಗೆ ಬೇಕು" ಎಂದಷ್ಟೇ ಹೇಳಿ ಕೆಲಸ ಮುಂದುವರಿಸುತ್ತಿದ್ದರು.

ಈಗ ಹಳದಿ ವಿಮಾನದ ವಿಷಯ. ನೀನು ಕಳಿಸಿದ ಫೋಟೋ ನೋಡಿದೆ. ಅದು ಪೈಪರ್ ಜೆ-3 ಕಬ್; ಹಳದಿ ಬಣ್ಣದ ಮೈ, ಪಕ್ಕೆಯಲ್ಲಿ ಕಪ್ಪು ಪಟ್ಟಿ, ಒಬ್ಬರ ಹಿಂದೆ ಒಬ್ಬರು ಕೂರುವ ಎರಡೇ ಆಸನ. ಮುಂದಿನ ಆಸನ ಖಾಲಿಯಿದ್ದು ಪೈಲಟ್ ಹಿಂದೆ ಕುಳಿತಿರುವುದನ್ನು ಕಂಡು ನಿನ್ನ ಅಣ್ಣ, ಮುಂದೆ ಒಬ್ಬರನ್ನು ಬರೆಯುವುದು ಬಾಕಿ ಉಳಿದಿರಬೇಕು ಎಂದು ಊಹಿಸಿದ್ದಾನೆ. ಹಾಗಲ್ಲ. ಕಬ್ ವಿಮಾನವನ್ನು ಒಬ್ಬರೇ ಹಾರಿಸುವಾಗ ತೂಕದ ಸಮತೋಲನಕ್ಕಾಗಿ ಹಿಂದಿನ ಆಸನದಲ್ಲೇ ಕೂರಬೇಕು. ಅಂದರೆ ಅದು ಯಾರೋ ವಿದ್ಯಾರ್ಥಿ ಶಿಕ್ಷಕರಿಲ್ಲದೆ ಒಂಟಿಯಾಗಿ ಹಾರುತ್ತಿರುವ ಚಿತ್ರ, ಆ ಖಾಲಿ ಆಸನವೇ ಅದರ ವಿಷಯ. ಬೇರೊಬ್ಬರ ಕೈಗೆ ಕೊಟ್ಟಿದ್ದರೆ ಮೊದಲು ತುಂಬುತ್ತಿದ್ದದ್ದು ಅದನ್ನೇ.

ಆ ಚಿತ್ರದಲ್ಲಿ ನಿಜವಾಗಿ ಬಾಕಿ ಇರುವುದು ಪ್ರೊಪೆಲ್ಲರ್, ಅಂದರೆ ಮೂಗಿನಲ್ಲಿ ತಿರುಗುವ ಪಂಖ. ಅದನ್ನು ಅವರು ಯಾವ ಚಿತ್ರದಲ್ಲೂ ಕೊನೆಗೇ ಬರೆಯುತ್ತಿದ್ದರು. ಕ್ಯಾಮೆರಾವನ್ನು ನಂಬಿ ಪ್ರೊಪೆಲ್ಲರ್ ಬರೆದರೆ ವಿಮಾನ ಸತ್ತಂತೆ ಕಾಣುತ್ತದೆ ಎಂಬುದು ಅವರ ಮಾತು. ಕಬ್‌ನ 65 ಅಶ್ವಶಕ್ತಿಯ ಎಂಜಿನ್ ನಿಮಿಷಕ್ಕೆ 2,300 ಸುತ್ತು ಸುತ್ತುವಾಗ, ಸೆಕೆಂಡಿನ 1,000ನೇ ಒಂದು ಭಾಗದಲ್ಲಿ ಅಲಗು ಸುಮಾರು 14 ಡಿಗ್ರಿ ಮಾತ್ರ ಸರಿದಿರುತ್ತದೆ. ಅಷ್ಟು ವೇಗದ ಫೋಟೋದಲ್ಲಿ ಪ್ರೊಪೆಲ್ಲರ್ ಹೆಚ್ಚುಕಡಿಮೆ ನಿಂತೇಬಿಟ್ಟಂತೆ, ಎಂಜಿನ್ ಕೆಟ್ಟು ಗಾಳಿಯಲ್ಲಿ ನೇತಾಡುತ್ತಿರುವಂತೆ ತೋರುತ್ತದೆ. ಕಣ್ಣಿಗಾದರೋ ಕಾಣುವುದು ಅಲಗಲ್ಲ, ಒಂದು ತೆಳುವಾದ ತಟ್ಟೆ, ಅದರ ಮೇಲೆ ಬಿಸಿಲು ಬಿದ್ದಾಗ ಎದುರುಬದುರಾಗಿ ಹೊಳೆಯುವ ಎರಡು ತ್ರಿಕೋನಗಳು. ಆ ಹೊಳಪನ್ನು ಯಾವ ಕೋನದಲ್ಲಿ ಇಡಬೇಕೆಂಬುದು ಇಡೀ ಚಿತ್ರದ ಬೆಳಕು ನಿಶ್ಚಯವಾದ ಮೇಲಷ್ಟೇ ಗೊತ್ತಾಗುತ್ತದೆ. ನಮ್ಮ ಅಜ್ಜಿಯರು ಒಗ್ಗರಣೆಯನ್ನು ಕೊನೆಗೆ ಹಾಕಿದಂತೆ ಅವರು ಇದನ್ನು ಕೊನೆಗೆ ಹಾಕುತ್ತಿದ್ದರು, ಒಂದೇ ಸಲ ಕುಳಿತು, ಹೆಚ್ಚು ತಿದ್ದದೆ. ಆದ್ದರಿಂದ ನನ್ನ ಸ್ಪಷ್ಟ ಅಭಿಪ್ರಾಯ ಇಷ್ಟು: ಅದನ್ನು ಯಾರಿಂದಲೂ ಪೂರ್ತಿ ಮಾಡಿಸಬೇಡ. ಇರುವಂತೆಯೇ ತೂಗುಹಾಕಿ, ಅವರು ಪ್ರೊಪೆಲ್ಲರ್ ಅಭ್ಯಾಸ ಮಾಡಿದ ಪುಟಗಳನ್ನು ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿ ಇಡಿಸು.

ಪುಸ್ತಿಕೆಯಲ್ಲಿ ಅವರು ಮೆಚ್ಚಿದ ಕಲಾವಿದರ ಬಗ್ಗೆಯೂ ಒಂದು ಪುಟವಿರಲಿ ಎಂದು ಯಾರೋ ಬರೆದಿದ್ದರು. ವಾಷಿಂಗ್ಟನ್ನಿನ ರಾಷ್ಟ್ರೀಯ ವಾಯು ಮತ್ತು ಬಾಹ್ಯಾಕಾಶ ಸಂಗ್ರಹಾಲಯದಲ್ಲಿ ಕೀತ್ ಫೆರಿಸ್ 1976ರಲ್ಲಿ ಬರೆದ ಬಿ-17 ಬಾಂಬರ್‌ಗಳ ಭಿತ್ತಿಚಿತ್ರವಿದೆ, 25 ಅಡಿ ಎತ್ತರ, 75 ಅಡಿ ಅಗಲ. ಅದರ ಮುದ್ರಿತ ಪ್ರತಿಯನ್ನು ಅವರು ಸ್ಟುಡಿಯೋ ಬಾಗಿಲಿನ ಹಿಂದೆ ಅಂಟಿಸಿದ್ದರು. ವಿಮಾನ ತಯಾರಿಸುವ ಡಗ್ಲಸ್ ಕಂಪನಿಯಲ್ಲಿ ಕೆಲಸ ಮಾಡುತ್ತಲೇ ಚಿತ್ರ ಬರೆದ ಆರ್. ಜಿ. ಸ್ಮಿತ್ ಅವರ ಹೆಸರೂ ಬಾಯಲ್ಲಿ ಆಗಾಗ ಬರುತ್ತಿತ್ತು. ಆದರೆ ನನಗೆ ಸೋಜಿಗವೆನಿಸುವುದು ಬೇರೆ. ವಿಮಾನದ ಮೈಯ ರಿವೆಟ್ ಮೊಳೆಗಳ ಸಾಲುಗಳನ್ನೂ ಎಣಿಸುತ್ತಿದ್ದ ಈ ಮನುಷ್ಯ ಎಲ್ಲಕ್ಕಿಂತ ಹೆಚ್ಚು ಹೊತ್ತು ಮಾತನಾಡುತ್ತಿದ್ದುದು ಬ್ರಿಟಿಷ್ ಕಲಾವಿದ ಪಾಲ್ ನ್ಯಾಶ್ 1940-41ರಲ್ಲಿ ಬರೆದ 'ಟೋಟೆಸ್ ಮೇರ್', ಅಂದರೆ 'ಸತ್ತ ಕಡಲು', ಎಂಬ ಚಿತ್ರದ ಬಗ್ಗೆ. ಆಕ್ಸ್‌ಫರ್ಡ್ ಬಳಿಯ ಕೌಲಿಯಲ್ಲಿ ರಾಶಿ ಹಾಕಿದ್ದ ಜರ್ಮನ್ ವಿಮಾನಗಳ ಅವಶೇಷಗಳನ್ನು ನೋಡಿ ಬರೆದ ಚಿತ್ರ ಅದು. ಮುರಿದ ರೆಕ್ಕೆಗಳೇ ಬೆಳದಿಂಗಳಲ್ಲಿ ಅಲೆಗಳಾಗಿ ಎದ್ದು ನಿಲ್ಲುತ್ತವೆ. ಅಲ್ಲಿ ಯಾವ ವಿಮಾನದ ಅಳತೆಯೂ ಸರಿಯಿಲ್ಲ, ಆದರೂ ಅದರಲ್ಲಿ ಸುಳ್ಳಿಲ್ಲ ಎನ್ನುತ್ತಿದ್ದರು. ಯುದ್ಧ ವಿಮಾನಗಳ ಚಿತ್ರಗಳಿಗೇ ಗಿರಾಕಿ ಹೆಚ್ಚು ಎಂದು ಗೊತ್ತಿದ್ದೂ ಅವರು ತರಬೇತಿ ವಿಮಾನಗಳನ್ನೂ ನೆಲದ ಮೇಲೆ ದುಡಿಯುವವರನ್ನೂ ಬರೆಯುತ್ತಾ ಉಳಿದದ್ದಕ್ಕೆ ಆ ಚಿತ್ರವೂ ಒಂದು ಕಾರಣವಿರಬಹುದು ಎಂದು ನನಗೆ ಅನ್ನಿಸುತ್ತದೆ.

ನೆಲದ ಮೇಲಿನ ಆ ಮನುಷ್ಯರ ವಿಷಯವೇ ಪುಸ್ತಿಕೆಗೆ ಮುಖ್ಯ. ಚಿತ್ರಗಳ ಹಿನ್ನೆಲೆಯಲ್ಲಿ ಹೆಬ್ಬೆರಳಿನಷ್ಟು ದೊಡ್ಡದಾಗಿ ಕಾಣುವವರು ಯಾರೂ ಕಲ್ಪನೆಯವರಲ್ಲ. ರೆಕ್ಕೆಯ ಕೆಳಗೆ ಬಗ್ಗಿ ಗಾಜಿನಂಥ ಕೊಳವೆಯಲ್ಲಿ ನೀಲಿ ಪೆಟ್ರೋಲನ್ನು ಇಳಿಸಿಕೊಂಡು, ತಳದಲ್ಲಿ ನೀರು ನಿಂತಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಿರುವವನು ನಮ್ಮ ಇಂಧನದ ಹುಡುಗ, ಆಮೇಲೆ ತಾನೇ ಪೈಲಟ್ ಆದವನು. ಹ್ಯಾಂಗರ್ ಬಾಗಿಲನ್ನು ಭುಜ ಕೊಟ್ಟು ತಳ್ಳುತ್ತಿರುವವರು ಚಕ್ರ ತಿದ್ದಿಸಿದ ಅದೇ ಮೆಕ್ಯಾನಿಕ್. ಅವರೂ ಈಗಿಲ್ಲ, ಟವರಿನ ಇಬ್ಬರೂ ಇಲ್ಲ. ಗುರುತು ಹೇಳಬಲ್ಲ ನಾವು ಕೆಲವರು ಉಳಿದಿರುವಾಗಲೇ ಪ್ರತಿ ಚಿತ್ರಕ್ಕೂ ಆ ಹೆಸರುಗಳನ್ನು ಸೇರಿಸಬೇಕು. ಆಯಾ ಮನೆಯವರ ಒಪ್ಪಿಗೆ ಕೇಳಿಯೇ ಅಚ್ಚು ಹಾಕಿಸು.

ನಾಲ್ಕು ವಿಮಾನಗಳು ಸಾಲಾಗಿ ಬಂದು ಒಂದು ಮೇಲಕ್ಕೇರಿ ಮರೆಯಾಗುವ ಗೌರವ ಹಾರಾಟ ಮಾಡೋಣವೇ ಎಂದು ಗುಂಪಿನ ಕಿರಿಯರು ಕೇಳುತ್ತಿದ್ದಾರೆ. ಒತ್ತಾಗಿ ಜೊತೆ ಹಾರುವ ತರಬೇತಿ ಪಡೆದವರು ನಾಲ್ವರು ಸಿಕ್ಕರೆ ಸರಿ, ಸಿಗದಿದ್ದರೆ ಕಬ್ ಒಂದೇ ಹಾರಲಿ, ಸಾಕು.

ಇನ್ನು ಕೆಲಸದ ಮಾತು. ಕ್ಯಾನ್ವಾಸಿನ ಹಿಂಬದಿಗೆ ಪೆನ್ನಿನಿಂದ ಒತ್ತಿ ಬರೆಯಬೇಡ, ಒತ್ತಿದ ಗುರುತು ಮುಂದಕ್ಕೆ ಮೂಡುತ್ತದೆ. ಮರದ ಚೌಕಟ್ಟಿನ ಮೇಲೆ ಮೆತ್ತನೆಯ ಪೆನ್ಸಿಲ್‌ನಲ್ಲಿ ಸಂಖ್ಯೆ ಹಾಕಿ, ಅದೇ ಸಂಖ್ಯೆಯನ್ನು ಸಂಬಂಧಪಟ್ಟ ಸ್ಕೆಚ್ ಪುಸ್ತಕದ ಲಕೋಟೆಗೂ ಹಾಕು. ಪುಸ್ತಕಗಳಿಗೆ ಸುತ್ತಿದ ರಬ್ಬರ್ ಬ್ಯಾಂಡ್, ಕಬ್ಬಿಣದ ಕ್ಲಿಪ್ಪುಗಳನ್ನು ಈಗಲೇ ತೆಗೆ. ಜಲವರ್ಣದ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಇಡಬೇಡ, ಬಣ್ಣ ಹಾರುತ್ತದೆ. ಮುಂದೆ ಯಾವುದಾದರೂ ಸಂಗ್ರಹಾಲಯಕ್ಕೆ ಕೊಡುವುದಾದರೆ ಚಿತ್ರವನ್ನೂ ಅದರ ಪುಸ್ತಕವನ್ನೂ ಬೇರೆ ಮಾಡದೆ, ಪಟ್ಟಿಯೊಂದಿಗೆ ಒಟ್ಟಾಗಿ ಕೊಡು. ಭಾನುವಾರ ನಾವು ಇಬ್ಬರು ಮೂವರು ಮನೆಗೆ ಬರುತ್ತೇವೆ. ವಿಮಾನಗಳ ಗುರುತು ನಾನು ನೋಡಿಕೊಳ್ಳುತ್ತೇನೆ, ಮನುಷ್ಯರ ಹೆಸರುಗಳಿಗೆ ಇಂಧನದ ಹುಡುಗನನ್ನೇ ಕರೆದುಕೊಂಡು ಬರುತ್ತೇನೆ, ಅವನ ನೆನಪು ನನ್ನದಕ್ಕಿಂತ ಗಟ್ಟಿ. ಅಷ್ಟರಲ್ಲಿ ನೀನು ಪೆಟ್ಟಿಗೆಗಳನ್ನು ಈಗಿರುವ ಕ್ರಮದಲ್ಲೇ ಬಿಟ್ಟು, ಪ್ರತಿ ಪೆಟ್ಟಿಗೆಯ ಒಂದೊಂದು ಫೋಟೋ ತೆಗೆದು ಇಲ್ಲಿ ಹಾಕಿಬಿಡು.