ಘಟ್ಟದ ಚಾರಣಕ್ಕೆ ಅರ್ಧ ಕಿಲೋ ಆಪತ್ತಿನ ಡಬ್ಬಿ: ಏನು ಇಡಬೇಕು, ಏನು ಬಿಡಬೇಕು?

ಕಟಪಾಡಿ_ಚಾರಣ:
ಉಡುಪಿಯಿಂದ ಐದಾರು ಮಂದಿ ಸೇರಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕೊಡಚಾದ್ರಿ, ಕುರಿಂಜಾಲು, ನರಸಿಂಹ ಪರ್ವತದ ಕಡೆ ಹೋಗುವುದು ಅಂತ ಉಂಟು. ದಾರಿ ತಪ್ಪಿಯೋ ಕಾಲು ಉಳುಕಿಯೋ ಒಂದು ರಾತ್ರಿ ಕಾಡಲ್ಲೇ ಕೂರಬೇಕಾದರೆ ಸಾಕಾಗುವಂಥ ಕಿಟ್ ಒಬ್ಬೊಬ್ಬರ ಬ್ಯಾಗಲ್ಲೂ ಇರಬೇಕು, ತೂಕ ಅರ್ಧ ಕಿಲೋ ಆಸುಪಾಸು. ವಿಡಿಯೊಗಳನ್ನು ನೋಡಿ ಮಾಡಿದ ಪಟ್ಟಿ ಇದು: ಫೆರೋ ರಾಡ್ (ಉಜ್ಜಿದರೆ ಕಿಡಿ ಹಾರುವ ಕಡ್ಡಿ), ಗಾಳ ಮತ್ತು ನೂಲು, ಉರುಲಿನ ತಂತಿ, ಬೆಳ್ಳಿ ಬಣ್ಣದ ಎಮರ್ಜೆನ್ಸಿ ಕಂಬಳಿ, ಗುಂಡಿಯಷ್ಟು ದೊಡ್ಡ ಕಂಪಾಸ್, ಕನ್ನಡಿ, ತಂತಿ ಗರಗಸ, ದೊಡ್ಡ ಚಾಕು, ನೀರಿನ ಮಾತ್ರೆ, ಹಾವಿನ ವಿಷ ಹೀರುವ ಪಂಪ್. ಇದರಲ್ಲಿ ನಮ್ಮ ಕಡೆಗೆ ಆಗುವುದು ಯಾವುದು?

ಘಟ್ಟದಡಿ:
ಮೊದಲು ತೆಗೆಯುವುದನ್ನು ಹೇಳ್ತೇನೆ. ಗಾಳ, ಉರುಲು, ದೊಡ್ಡ ಚಾಕು ಮೂರನ್ನೂ ಬಿಡಿ. ನೀವು ಹೇಳಿದ ಜಾಗಗಳು ಕುದುರೆಮುಖ ರಾಷ್ಟ್ರೀಯ ಉದ್ಯಾನ ಮತ್ತು ಮೂಕಾಂಬಿಕಾ ಅಭಯಾರಣ್ಯದ ಕಾಡುಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಆಯುಧ' ಅಂದರೆ ಕೋವಿ ಮಾತ್ರ ಅಲ್ಲ. ಗಾಳ, ಚಾಕು, ಬಲೆ, ಉರುಲು ಎಲ್ಲ ಅದರೊಳಗೇ ಬರ್ತದೆ, ಅನುಮತಿ ಇಲ್ಲದೆ ಅದನ್ನು ಒಳಗೆ ಒಯ್ಯುವ ಹಾಗಿಲ್ಲ. ಅಲ್ಲದೆ ಒಂದೆರಡು ದಿನ ಊಟ ಇಲ್ಲದಿದ್ದರೆ ಯಾರೂ ಸಾಯುವುದಿಲ್ಲ. ಎರಡು ಕಡಲೆ ಚಿಕ್ಕಿ ಹಾಕಿದರೆ ಸಾಕು. ಬ್ಯಾಂಡೇಜು, ಹಗ್ಗ ಕತ್ತರಿಸಲು ಮೊಂಡು ತುದಿಯ ಸಣ್ಣ ಕತ್ತರಿ ಇಡಿ. ತಂತಿ ಗರಗಸ ಹಸಿ ಮರದಲ್ಲಿ ಸಿಕ್ಕಿಕೊಂಡು ತುಂಡಾಗ್ತದೆ, ಅದೂ ಬೇಡ.

ನಮ್ಮ ಘಟ್ಟದಲ್ಲಿ ಅಪಾಯ ಒದ್ದೆಯದ್ದು. ಕುದುರೆಮುಖ ಶಿಖರ 1,800 ಮೀಟರ್ ದಾಟ್ತದೆ, ಆ ಬೋಳು ಹುಲ್ಲುಗುಡ್ಡದಲ್ಲಿ ಗಾಳಿಗೆ ತಡೆಯೇ ಇಲ್ಲ. ಬಟ್ಟೆ ಒದ್ದೆಯಾಗಿ ಗಾಳಿ ಹೊಡೆದರೆ 15 ಡಿಗ್ರಿಯಲ್ಲೂ ಮೈಯ ಬಿಸಿ ಇಳಿದುಹೋಗ್ತದೆ. ಮೊದಲು ನಡುಕ, ಮತ್ತೆ ಮಾತು ತೊದಲುವುದು, ಶರ್ಟಿನ ಗುಂಡಿ ಹಾಕಲು ಬೆರಳು ಬಗ್ಗದಿರುವುದು. ನಡುಕ ತಾನಾಗಿ ನಿಂತರೆ ಗುಣವಾಯಿತು ಅಂತ ತಿಳಿಯಬೇಡಿ, ಸ್ಥಿತಿ ಕೆಟ್ಟಿತು ಅಂತ ಅರ್ಥ.

ಹಾಗಾಗಿ ಅರ್ಧ ತೂಕ ಮೈ ಮುಚ್ಚುವುದಕ್ಕೇ ಹೋಗಲಿ. ಬೆಳ್ಳಿ ಕಂಬಳಿ ಒಂದು ಮುಳ್ಳು ತಾಗಿದರೆ ಉದ್ದಕ್ಕೆ ಹರಿಯುತ್ತದೆ, ಗಾಳಿಗೆ ಹಾರುತ್ತದೆ, ಒದ್ದೆ ಬಟ್ಟೆಗೆ ಅಂಟಿದರೆ ಪ್ರಯೋಜನ ಕಡಿಮೆ. ಅದರ ಬದಲು ಪ್ಲಾಸ್ಟಿಕ್ ಶೀಟಿನ ಅಂಗಡಿಯಲ್ಲಿ ಮೂರು ಅಡಿ ಅಗಲ, ಐದು ಅಡಿ ಉದ್ದದ ಚೀಲ ಮಾಡಿಸಿ, 200 ಗೇಜ್, ಅಂದರೆ 50 ಮೈಕ್ರಾನ್. ತೂಕ ಸುಮಾರು 125 ಗ್ರಾಂ ಬರ್ತದೆ. ಬಣ್ಣ ಕಿತ್ತಳೆಯೋ ಹಳದಿಯೋ ಸಿಕ್ಕಿದರೆ ಹುಡುಕುವವರಿಗೆ ಕಾಣ್ತದೆ. ಮುಚ್ಚಿದ ತುದಿಯ ಮೂಲೆಯಿಂದ ಒಂದು ಗೇಣು ಕೆಳಗೆ ಮುಖದಷ್ಟು ಅಗಲದ ತೂತು ಮನೆಯಲ್ಲೇ ಕತ್ತರಿಸಿ ಇಡಿ. ಮೇಲಿನಿಂದ ಹಾಕಿಕೊಂಡು ಮೊಣಕಾಲು ಎದೆಗೆ ಒತ್ತಿ ಕೂರುವುದು. ಮುಖ ಯಾವಾಗಲೂ ಹೊರಗಿರಬೇಕು, ಒಳಗೆ ಉಸಿರಾಡಿದರೆ ಉಸಿರು ಕಟ್ಟುವ ಅಪಾಯ ಉಂಟು, ಒಳಗೆಲ್ಲ ಬೆವರಿ ಒದ್ದೆಯೂ ಆಗ್ತದೆ. ಬರೀ ನೆಲದ ಮೇಲೆ ಕೂರಬೇಡಿ, ಬ್ಯಾಗನ್ನು ಅಡಿಗೆ ಹಾಕಿ. ಇದರ ಜೊತೆ ಒಂದು ಒಣ ಬನಿಯನ್ ಜಿಪ್ ಕವರಿನಲ್ಲಿ, ತೂಕ ಆದರೂ ಪರವಾಗಿಲ್ಲ.

ಬಂದರು_ಹಗ್ಗ:
ಹಗ್ಗದ ಬಗ್ಗೆ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ 'ಪ್ಯಾರಾಕಾರ್ಡ್' (ಪ್ಯಾರಾಶೂಟಿನ ಥರದ ತೆಳು ಹಗ್ಗ) ಒಳಗೆ ಏಳು ಎಳೆಯ ಬದಲು ಬರೀ ಸಡಿಲ ನಾರು ತುಂಬಿರ್ತದೆ. ಮಲ್ಪೆಯಲ್ಲೋ ಮಂಗಳೂರು ಬಂದರಿನಲ್ಲೋ ಬಲೆ ಸಾಮಾನಿನ ಅಂಗಡಿಗೆ ಹೋಗಿ 2 ಮಿ.ಮೀ. ಹೆಣೆದ ನೈಲಾನ್ ಹುರಿ ಎಂಟು ಮೀಟರ್ ತನ್ನಿ. ಉಪ್ಪುನೀರಲ್ಲಿ ದಿನಾ ಎಳೆಯಲು ಮಾಡಿದ ಮಾಲು ಅದು. ತುದಿಗಳನ್ನು ಸುಟ್ಟು ಸೀಲ್ ಮಾಡಿ. ಮೈಭಾರ ಹಾಕಿ ಇಳಿಯಲು ಮಾತ್ರ ಇದನ್ನು ಬಳಸಬೇಡಿ, ಕೈ ಕೊಯ್ದುಹೋಗ್ತದೆ.

ಬೆಂಕಿ ಕಾಡಿನಲ್ಲಿ ಹಾಕುವಂತಿಲ್ಲ, ಅದು ಜೀವ ಹೋಗುವ ಹೊತ್ತಿಗೆ ಮಾತ್ರ. ಆಗಲೂ ಫೆರೋ ರಾಡಿನ ಕಿಡಿ ನಮ್ಮ ಹಸಿ ಸೊಪ್ಪಿಗೆ ಹತ್ತುವುದಿಲ್ಲ. ಎರಡು ಲೈಟರ್ ಇಡಿ. ಗ್ಯಾಸ್ ಗುಂಡಿಯ ಅಡಿಗೆ ಒಂದು ಚೂರು ರಟ್ಟು ತುರುಕಿ ಟೇಪ್ ಸುತ್ತಿ, ಇಲ್ಲದಿದ್ದರೆ ಬ್ಯಾಗಿನ ಒತ್ತಡಕ್ಕೆ ಗ್ಯಾಸ್ ಖಾಲಿಯಾಗಿರ್ತದೆ. ಹತ್ತಿಸಲಿಕ್ಕೆ ಹಳೆ ಸೈಕಲ್ ಟ್ಯೂಬನ್ನು ಎರಡು ಬೆರಳು ಅಗಲದ ಬಳೆಗಳಾಗಿ ಕತ್ತರಿಸಿ ಡಬ್ಬಿಯ ಸುತ್ತಲೇ ಎಳೆದು ಹಾಕಿಬಿಡಿ. ಮುಚ್ಚಳ ಬಿಗಿಯಾಗಿ ನಿಲ್ತದೆ, ಬೇಕಾದಾಗ ಮಳೆಯಲ್ಲೂ ಹೊಗೆ ಬಿಟ್ಟುಕೊಂಡು ಉರಿಯುತ್ತದೆ. ಕರ್ಪೂರ ಒಳ್ಳೆಯದೇ, ಆದರೆ ಅದು ಜಿಪ್ ಕವರಿನಿಂದ ಮೆಲ್ಲಗೆ ಆವಿಯಾಗಿ ಹೋಗ್ತದೆ. ಹಾಗಾಗಿ ವ್ಯಾಸಲಿನ್ ಚೆನ್ನಾಗಿ ಉಜ್ಜಿದ ಹತ್ತಿಯ ಉಂಡೆ ಐದಾರು, ಅದು ವರ್ಷಗಟ್ಟಲೆ ಕೆಡುವುದಿಲ್ಲ.

ಡಬ್ಬಿ ಕ್ಲಿಪ್ ಇರುವ ಸ್ಟೀಲಿನದ್ದೇ ಇರಲಿ, ಅದರಲ್ಲೇ ನೀರು ಕುದಿಸಬಹುದು. ಆಗ ಮುಚ್ಚಳದ ರಬ್ಬರ್ ತೆಗೆದಿಡಿ. ಕರಾವಳಿಯ ಹವೆಗೆ ಕತ್ತರಿ, ಲೈಟರಿನ ಚಕ್ರ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಕತ್ತರಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಹಚ್ಚಿ. ತೆಂಗಿನೆಣ್ಣೆ ಬೇಡ, ಅಂಟಂಟಾಗಿ ಕೂರ್ತದೆ.

ಕಟಪಾಡಿ_ಚಾರಣ:
ಹಾಗಾದರೆ ಪಂಪ್? ಮತ್ತೆ ಉಂಬಳಕ್ಕೆ (ಕಾಡಿನ ಜಿಗಣೆಗೆ) ಏನು ಒಯ್ಯುವುದು?

ಮಣಿಪಾಲ_ಪ್ರಥಮಚಿಕಿತ್ಸೆ:
ಪಂಪ್ ಎಸೆಯಿರಿ. ಅದು ವಿಷ ತೆಗೆಯುವುದಿಲ್ಲ, ಗಾಯವನ್ನು ಹೆಚ್ಚು ಮಾಡುತ್ತದೆ. ಹಾವು ಕಚ್ಚಿದರೆ ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು. ಉಂಗುರ, ವಾಚು, ಗೆಜ್ಜೆ ತೆಗೆದು, ಕೈಕಾಲು ಅಲುಗದಂತೆ ಕೋಲು ಕೊಟ್ಟು ಸುತ್ತಿ, ನಡೆಸದೆ ಹೊತ್ತು ಇಳಿಸಬೇಕು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ತಯಾರಾದದ್ದು. ಕಾಳಿಂಗಕ್ಕೂ ಘಟ್ಟದ ಗುಳಿಮಂಡಲಗಳಿಗೂ ಅದು ಆಗುವುದಿಲ್ಲ. ಆದರೂ ಆಸ್ಪತ್ರೆಯೇ ದಾರಿ, ಉಸಿರಾಟಕ್ಕೆ ಆಸರೆ, ರಕ್ತದ ಪರೀಕ್ಷೆ ಅಲ್ಲಿ ಮಾತ್ರ ಸಾಧ್ಯ. ಹಾವನ್ನು ಹಿಡಿಯಲು ಹೋಗಬೇಡಿ, ದೂರದಿಂದ ಫೋಟೊ ಸಿಕ್ಕಿದರೆ ಸಾಕು.

ಉಂಬಳಕ್ಕೆ ಬೆಂಕಿ, ಉಪ್ಪು ತಾಗಿಸಿದರೆ ಅದು ಗಾಯದೊಳಗೆ ಕಾರಿಕೊಳ್ಳಬಹುದು. ತೆಳು ತುದಿಯ ಅಡಿಗೆ ಉಗುರು ಸರಿಸಿ ಬಿಡಿಸಿ, ಆಮೇಲೆ ದಪ್ಪ ತುದಿ. ರಕ್ತ ಹೆಪ್ಪುಗಟ್ಟದಂತೆ ಅದು ಬಿಟ್ಟ ರಸದಿಂದ ಸುಮಾರು ಹೊತ್ತು ಸೋರುತ್ತದೆ, ಒತ್ತಿ ಹಿಡಿದು ಪಟ್ಟಿ ಹಾಕಿದರೆ ಸಾಕು. ಉಪ್ಪು ಕಟ್ಟಿದ ಬಟ್ಟೆಯ ಪೊಟ್ಟಣ ಬೂಟಿಗೆ ಒರೆಸಲು ಮಾತ್ರ.

ಡಿಸೆಂಬರ್ ನಂತರ ಹೋಗುವುದಾದರೆ ಉಂಬಳಕ್ಕಿಂತ ಉಣುಗಿನ (ಉಣ್ಣೆ ಹುಳದ) ಚಿಂತೆ ಮಾಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಚೂಪು ತುದಿಯ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ, ತಿರುಚಬೇಡಿ, ಹೊಟ್ಟೆ ಹಿಚುಕಬೇಡಿ. ಒಂದೆರಡು ವಾರದಲ್ಲಿ ಜ್ವರ ಬಂದರೆ ಕಾಡಿಗೆ ಹೋದದ್ದನ್ನು ವೈದ್ಯರಿಗೆ ಹೇಳಿ. ಮಳೆನೀರಲ್ಲಿ ನಡೆದ ಮೇಲೆ ಬರುವ ಜ್ವರಕ್ಕೂ ಇದೇ ಮಾತು, ಇಲಿಜ್ವರ ನಮ್ಮ ಜಿಲ್ಲೆಗಳಲ್ಲಿ ಹೊಸತಲ್ಲ.

ಡಬ್ಬಿಗೆ: 10 ಸೆಂ.ಮೀ. ಕ್ರೇಪ್ ಬ್ಯಾಂಡೇಜ್ ಒಂದು, ಗಾಜ್ ನಾಲ್ಕು, ಪೊವಿಡೋನ್ ಅಯೋಡಿನ್ ಸಣ್ಣ ಟ್ಯೂಬ್, ಪ್ಯಾರಾಸಿಟಮಾಲ್, ಎರಡು ಓಆರ್‌ಎಸ್. ಒಂದು ಲೀಟರಿನದ್ದು ಅಂತ ಬರೆದಿರುವ ಪೂರ್ತಿ ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರ್ ನೀರು, ಲೋಟಕ್ಕೆ ಸ್ವಲ್ಪ ಸ್ವಲ್ಪ ಅಂತ ಹಾಕಬೇಡಿ. ಕೆಂಪು ನೀರನ್ನು ನಾಲ್ಕು ಮಡಿಕೆ ಬೈರಾಸಿನಲ್ಲಿ (ತೆಳು ಟವೆಲಿನಲ್ಲಿ) ಸೋಸಿ, ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಕಾಯಿರಿ. 20 ಲೀಟರಿನ ಮಾತ್ರೆಯೂ ಸಣ್ಣ ಮಾತ್ರೆಯೂ ನೋಡಲು ಒಂದೇ ಥರ, ಸ್ಟ್ರಿಪ್ಪಿನ ಮೇಲೆ ಎಷ್ಟು ಲೀಟರಿಗೆ ಅಂತ ಓದಿ ಕೊಳ್ಳಿ.

ಘಟ್ಟದಡಿ:
ಬಿಟ್ಟುಹೋದದ್ದು ಬೆಳಕು ಮತ್ತು ಶಬ್ದ. ದಟ್ಟ ಕಾಡಿನಡಿಗೆ ಮೋಡದ ದಿನ ಕನ್ನಡಿ ಏನೂ ಮಾಡುವುದಿಲ್ಲ. ಒಳಗೆ ಗೋಲಿ ಇಲ್ಲದ ಪ್ಲಾಸ್ಟಿಕ್ ಸೀಟಿ ಕೊಳ್ಳಿ, ಗೋಲಿ ಇರುವುದು ಒದ್ದೆಯಾದರೆ ಸಿಕ್ಕಿಕೊಳ್ತದೆ. ಮೂರು ಸಲ ಊದಿ ಒಂದು ನಿಮಿಷ ಕಿವಿಗೊಟ್ಟು ಕೇಳಿ. ಸೀಟಿಯನ್ನು ಡಬ್ಬಿಯೊಳಗೆ ಹಾಕಬೇಡಿ, ಬ್ಯಾಗಿನ ಪಟ್ಟಿಗೆ ಕಟ್ಟಿ. ಹೆಡ್‌ಲ್ಯಾಂಪಿನಲ್ಲಿ ಒಂದು ಸೆಲ್ ತಿರುಗಿಸಿ ಹಾಕಿಟ್ಟರೆ ಒಳಗೇ ಉರಿದು ಮುಗಿಯುವುದಿಲ್ಲ.

ಗುಂಡಿ ಕಂಪಾಸ್ ಮೊಬೈಲಿನ ಪಕ್ಕ ಇಟ್ಟರೆ ಕೆಡ್ತದೆ, ಕುದುರೆಮುಖದ ಗುಡ್ಡಗಳಲ್ಲಿ ಮ್ಯಾಗ್ನೆಟೈಟ್ ಅದಿರು ಬೇರೆ ಉಂಟು. ಆಫ್‌ಲೈನ್ ನಕ್ಷೆ ಹಾಕಿದ ಮೊಬೈಲ್ ಏರೋಪ್ಲೇನ್ ಮೋಡಿನಲ್ಲಿ, 5,000 ಎಂಎಎಚ್ ಪವರ್ ಬ್ಯಾಂಕ್ ಡಬ್ಬಿಯ ಲೆಕ್ಕದ ಹೊರಗೆ. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಇದ್ದಲ್ಲಿ 112 ಹೋಗಬಹುದು. ಸ್ಯಾಟಲೈಟ್ ಫೋನ್, ಇನ್‌ರೀಚ್ ಥರದ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲ, ವಿದೇಶದಿಂದ ಯಾರೋ ತಂದುಕೊಟ್ಟರೂ ಒಯ್ಯಬೇಡಿ.

'ತೋಡು (ಹಳ್ಳ) ಹಿಡಿದು ಇಳಿದರೆ ಊರು ಸಿಗ್ತದೆ' ಎಂಬ ಸಲಹೆ ಈ ಪಡುವಣ ಇಳಿಜಾರಿನಲ್ಲಿ ಬಹಳ ಅಪಾಯ. ಬಂಡಾಜೆ, ಬರ್ಕಣದ ಹಾಗೆ ನೀರು ನೇರ ಪ್ರಪಾತಕ್ಕೆ ಬೀಳುವ ಜಾಗ ಇದು, ಜಾರುವ ಬಂಡೆಯಲ್ಲಿ ಇಳಿದವರಿಗೆ ಹತ್ತಲೂ ಆಗುವುದಿಲ್ಲ. ಕತ್ತಲಾಗುವ ಒಂದು ಗಂಟೆ ಮೊದಲೇ ನಿಂತು, ನೀರಿನ ಸದ್ದಿನಿಂದ ಸ್ವಲ್ಪ ದೂರ, ಸೀಟಿ ಕೇಳುವಂಥ ಕಡೆ ಚೀಲ ಹಾಕಿಕೊಂಡು ಕೂರಿ.

ಕಟಪಾಡಿ_ಚಾರಣ:
ಇಷ್ಟಕ್ಕೆ ತೂಕ ಎಷ್ಟಾದೀತು?

ಬಂದರು_ಹಗ್ಗ:
ಬನಿಯನ್ ಬಿಟ್ಟು 550ರಿಂದ 600 ಗ್ರಾಂ, ಅದರಲ್ಲಿ ಡಬ್ಬಿಯದ್ದೇ 150 ಆಸುಪಾಸು. ಸೆಲ್ಲು, ಮಾತ್ರೆ, ಓಆರ್‌ಎಸ್‌ನ ಅವಧಿ ಮುಗಿಯುವ ತಿಂಗಳನ್ನು ಮುಚ್ಚಳದ ಒಳಬದಿಗೆ ಮಾರ್ಕರಿನಲ್ಲಿ ಬರೆದಿಡಿ.